ಪೆಟ್ಟಿಗೆ ಯಾವುದಾದರೂ ಇರಲಿ, ಅಳತೆ ಸರಿಯಾಗಿರಲಿ

(ಮಡಿಕೇರಿಯಲ್ಲಿ ಮಕ್ಕಳು ಮತ್ತು ಪೋಷಕರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಕ್ಕಳು ಮುಂದೆ ಬಂದು ಕೂತುಕೊಳ್ಳಿ. ಹಿಂದೆ ಕೂತರೆ ಮೇಜಿನ ಮೇಲೆ ಇರುವುದು ಕಾಣಿಸುವುದಿಲ್ಲ.

ಇಲ್ಲಿ ಏನೇನಿದೆ ನೋಡಿ. ಮದುವೆ ಮನೆಯಲ್ಲಿ ಒಣಹಣ್ಣು ತುಂಬಿ ಕೊಟ್ಟಿದ್ದ ಒಂದು ಮರದ ಪೆಟ್ಟಿಗೆ. ಒಂದು ಬಿಸ್ಕೆಟ್ ಡಬ್ಬ. ಬಾಟಲಿ ಇಟ್ಟುಕೊಡುವ ಒಂದು ಪ್ಲೈವುಡ್ ಪೆಟ್ಟಿಗೆ. ಹಳೆ ಹೆಂಚಿನ ಮನೆ ಬಿಚ್ಚಿದಾಗ ಸಿಕ್ಕಿದ ಒಂದು ರೀಪು. ಗಿಟಾರಿನ ಮೂರು ತಂತಿ. ಎರಡು ಬೋಲ್ಟು. ಇಷ್ಟು ಇದ್ದರೆ ಒಂದು ತಂತಿವಾದ್ಯ ಮಾಡಬಹುದು. ಆಟಿಕೆಯಲ್ಲ, ಶ್ರುತಿ ಸೇರಿಸಿ ಹಾಡಿಗೆ ನುಡಿಸುವಂಥ ವಾದ್ಯ.

ಮಾಡಬೇಕು ಅಂತ ಹೊರಟವರು ಮೊದಲು ಒಳ್ಳೆ ಪೆಟ್ಟಿಗೆ ಹುಡುಕುತ್ತಾರೆ. ಪೆಟ್ಟಿಗೆ ಸಿಗಲಿಲ್ಲ ಅಂತ ಕೆಲಸ ಅಲ್ಲಿಗೇ ನಿಲ್ಲುತ್ತದೆ. ನಾನು ಇವತ್ತು ಹೇಳುವುದು ಇಷ್ಟೇ: ಪೆಟ್ಟಿಗೆಯ ಚಿಂತೆ ಬಿಡಿ. ತಂತಿಯ ಭಾರವನ್ನು ಯಾವುದು ಹೊರುತ್ತದೆ, ತಂತಿಯ ಉದ್ದ ಎಷ್ಟು, ಸ್ವರಗಳ ಗುರುತು ಎಲ್ಲಿ ಬೀಳುತ್ತದೆ, ಇವು ಸರಿಯಾಗಿದ್ದರೆ ಸಾಕು. ಡಬ್ಬ ಯಾವುದಾದರೂ ಹಾಡುತ್ತದೆ.

ಈ ಥರದ ವಾದ್ಯಕ್ಕೆ ಅಮೆರಿಕದಲ್ಲಿ ಸಿಗಾರ್ ಬಾಕ್ಸ್ ಗಿಟಾರ್ ಅನ್ನುತ್ತಾರೆ. 1840ರ ಸುಮಾರಿನ ತನಕ ಅಲ್ಲಿ ಚುಟ್ಟಾಗಳನ್ನು ದೊಡ್ಡ ದೊಡ್ಡ ಪೆಟ್ಟಿಗೆಗಳಲ್ಲಿ ಸಾಗಿಸುತ್ತಿದ್ದರು. ಆಮೇಲೆ ಸಣ್ಣ ಮರದ ಪೆಟ್ಟಿಗೆಗಳು ಬಂದವು. ಒಮ್ಮೆ ಬಳಸಿದ ಪೆಟ್ಟಿಗೆಗೆ ಮತ್ತೆ ಚುಟ್ಟಾ ತುಂಬಿ ಮಾರಬಾರದು ಅನ್ನುವ ತೆರಿಗೆ ಕಾನೂನೂ ಬಂತು. ಹಾಗಾಗಿ ಖಾಲಿ ಪೆಟ್ಟಿಗೆಗಳು ಮನೆಮನೆಯಲ್ಲೂ ಉಳಿದವು. ಗಿಟಾರು, ಪಿಟೀಲು ಕೊಳ್ಳಲು ಆಗದ ಬಡವರು, ಗುಲಾಮಗಿರಿಯಿಂದ ಹೊರಬಂದ ಕಪ್ಪು ಜನರು, ಸೈನಿಕರು ಅವಕ್ಕೆ ಕೋಲು ಸಿಕ್ಕಿಸಿ ತಂತಿ ಕಟ್ಟಿದರು. ಅಮೆರಿಕದ ಅಂತರ್ಯುದ್ಧವನ್ನು ಕಣ್ಣಾರೆ ಕಂಡು ಚಿತ್ರಿಸಿದ ಎಡ್ವಿನ್ ಫೋರ್ಬ್ಸ್ ಅನ್ನುವ ಕಲಾವಿದನ ಒಂದು ಚಿತ್ರ ಇದೆ, 1876ರದ್ದು. ಶಿಬಿರದಲ್ಲಿ ಕೂತ ಸೈನಿಕ ಚುಟ್ಟಾ ಪೆಟ್ಟಿಗೆಯ ಪಿಟೀಲು ನುಡಿಸುತ್ತಿದ್ದಾನೆ. ಕೊಡಗಿನಲ್ಲಿ ಸೇನೆಗೆ ಹೋಗಿ ಬಂದವರಿಲ್ಲದ ಊರು ಯಾವುದಿದೆ ಹೇಳಿ. ಮನೆಯಿಂದ ದೂರ ಡೇರೆಯಲ್ಲಿ ಕೂತವನಿಗೆ ಒಂದು ಹಾಡು ಎಷ್ಟು ಬೇಕಾಗುತ್ತದೆ ಅಂತ ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ರಾಕ್ ಅಂಡ್ ರೋಲ್ ಹಾಡುಗಾರ ಕಾರ್ಲ್ ಪರ್ಕಿನ್ಸ್‌ಗೆ ಅವನ ಅಪ್ಪ ಮಾಡಿಕೊಟ್ಟ ಮೊದಲ ಗಿಟಾರು ಕೂಡ ಚುಟ್ಟಾ ಪೆಟ್ಟಿಗೆ ಮತ್ತು ಪೊರಕೆ ಕೋಲಿನದ್ದು.

ಆದರೆ ಇದನ್ನು ಅಮೆರಿಕದಿಂದ ಕಲಿಯಬೇಕಾದ ವಿದ್ಯೆ ಅಂದುಕೊಳ್ಳಬೇಡಿ. ನಮ್ಮ ನೀಲಗಾರರ ತಂಬೂರಿ, ಕಿನ್ನರಿ ಜೋಗಿಗಳ ಕಿನ್ನರಿ, ಎಲ್ಲಮ್ಮನ ಜೋಗತಿಯರ ಚೌಡಿಕೆ, ದಾಸರ ಏಕತಾರಿ ಎಲ್ಲವೂ ಕೈಗೆ ಸಿಕ್ಕಿದ್ದರಿಂದಲೇ ಆದವು. ಹಿತ್ತಲ ಸೋರೆಬುರುಡೆ, ಬಿದಿರು, ಮರದ ತುಂಡು, ಚರ್ಮ. ಚೌಡಿಕೆಗೆ ಇರುವುದು ಒಂದೇ ತಂತಿ. ಆ ಒಂದು ತಂತಿಯಲ್ಲಿ ರಾತ್ರಿಯಿಡೀ ಕಥೆ ಹಾಡುತ್ತಾರೆ. ಕೊಡಗಿನಲ್ಲಿ ನಾವು ಬೆಳೆದಿದ್ದು ದುಡಿ, ಕೊಂಬು, ಕೊಟ್ಟು, ವಾಲಗದ ಸದ್ದಿನಲ್ಲಿ. ತಾಳಕ್ಕೆ ನಮ್ಮ ಕಿವಿ ಚೆನ್ನಾಗಿ ಪಳಗಿದೆ. ತಂತಿಯ ವಾದ್ಯ ಮಾತ್ರ ಅಂಗಡಿಯಿಂದ ಬರುವ ವಸ್ತು ಆಗಿಬಿಟ್ಟಿದೆ. ಮಕ್ಕಳು ಅದನ್ನು ಮುಟ್ಟಲೂ ಹೆದರುತ್ತಾರೆ, ಬೀಳಿಸಿದರೆ ಬೈಸಿಕೊಳ್ಳಬೇಕು ಅಂತ. ತಾವೇ ಗರಗಸ ಹಿಡಿದು ಮಾಡಿದ್ದಕ್ಕೆ ಆ ಹೆದರಿಕೆ ಇರುವುದಿಲ್ಲ. ಅದಕ್ಕೇ ನನಗೆ ಈ ಕೆಲಸದ ಮೇಲೆ ಇಷ್ಟು ಪ್ರೀತಿ.

ಮರದ ಬಗ್ಗೆ ಒಂದು ಮಾತು. ಚುಟ್ಟಾ ಪೆಟ್ಟಿಗೆಗೆ ಹೆಚ್ಚಾಗಿ ಬಳಸುವುದು ಸ್ಪ್ಯಾನಿಷ್ ಸೀಡರ್ ಅನ್ನುವ ಮರ. ಹೆಸರು ಸೀಡರ್ ಅಂತ ಇದ್ದರೂ ಅದು ಬೇವಿನ ಕುಟುಂಬದ್ದು. ಅದರ ಹತ್ತಿರದ ಸಂಬಂಧಿ ನಮ್ಮಲ್ಲೇ ಇದೆ. ಗಂಧಗರಿಗೆ ಅನ್ನುತ್ತಾರೆ, ಕೆಲವರು ನೋಗೆ ಅನ್ನುತ್ತಾರೆ. ಕಾಫಿ ತೋಟದಲ್ಲಿ ನೆರಳಿಗೆ ಬಿಟ್ಟಿರುವುದನ್ನು ನೋಡಿರುತ್ತೀರಿ. ಉತ್ತರದಲ್ಲಿ ಇದೇ ಮರಕ್ಕೆ ತುನ್ ಅಂತ ಹೆಸರು, ಸಿತಾರಿಗೆ ಬಳಸುತ್ತಾರೆ. ಹಗುರ, ಕೆಂಪು ಬಣ್ಣ, ಕೊಯ್ದರೆ ಒಳ್ಳೆ ಘಮ. ಅದರ ಹಲಗೆ ಸಿಕ್ಕರೆ ಮುಚ್ಚಳಕ್ಕೆ ಬಳಸಿ. ಸಿಗದಿದ್ದರೆ ಮೂರು ಮಿಲಿಮೀಟರಿನ ಪ್ಲೈವುಡ್ ಸಾಕು. ಮರದ ಪುಡಿ ಒತ್ತಿ ಮಾಡಿದ ಹಲಗೆ ಮಾತ್ರ ಬೇಡ, ಅದು ಸದ್ದನ್ನು ನುಂಗಿಬಿಡುತ್ತದೆ. ರಟ್ಟೂ ಹಾಗೇ.

ಪೆಟ್ಟಿಗೆ ಸರಿ ಇದೆಯಾ ಅಂತ ತಿಳಿಯಲು ಬೆರಳಿನ ಗೆಣ್ಣಿನಿಂದ ಮುಚ್ಚಳದ ನಡುವೆ ತಟ್ಟಿ. ಹೀಗೆ. ಕೇಳಿಸಿತಲ್ವಾ? ಸದ್ದು ಒಂದು ಕ್ಷಣ ಉಳಿದು ಹೋಗುತ್ತದೆ. ಈಗ ಅಂಚಿನ ಹತ್ತಿರ ತಟ್ಟುತ್ತೇನೆ. ಟಪ್ ಅಂತ ಅಲ್ಲೇ ಸತ್ತಿತು. ಅಂಚು ಬಿಗಿ, ನಡು ಸಡಿಲ. ತಂತಿಯ ಕೆಳಗೆ ನಿಲ್ಲುವ ಕುದುರೆಯನ್ನು ಅಂಚಿಗೆ ತೀರಾ ಹತ್ತಿರ ಇಡಬಾರದು ಅನ್ನುವುದು ಇದಕ್ಕೇ.

ಈಗ ಭಾರದ ವಿಷಯ. ಇಲ್ಲಿ ಸ್ವಲ್ಪ ಗಮನ ಕೊಡಿ, ಹೆಚ್ಚಿನ ವಾದ್ಯಗಳು ಹಾಳಾಗುವುದು ಇಲ್ಲೇ. ಮೂರು ತಂತಿಗಳನ್ನು ಶ್ರುತಿಗೆ ಎಳೆದರೆ ಒಟ್ಟು ಎಳೆತ ಸುಮಾರು 30 ಕೆ.ಜಿ. ಆಗುತ್ತದೆ. ಒಂದು 25 ಕೆ.ಜಿ. ಅಕ್ಕಿ ಚೀಲ ನೇತುಹಾಕಿದ್ದಕ್ಕಿಂತ ಜಾಸ್ತಿ. ಅದೂ ಹಗಲು ರಾತ್ರಿ ಬಿಡದೆ. ಈ ತೆಳ್ಳನೆ ಪೆಟ್ಟಿಗೆಗೆ ಅಷ್ಟು ಭಾರ ಹೊರಲು ಆಗುತ್ತದಾ? ಆಗುವುದಿಲ್ಲ. ಅದರ ಗೋಡೆಗೆ ತಂತಿ ಕಟ್ಟಿದರೆ ಮೂಲೆಗಳು ಬಿಚ್ಚಿಕೊಳ್ಳುತ್ತವೆ.

ಹಾಗಾಗಿ ದಂಡಿ, ಅಂದರೆ ತಂತಿಯ ಉದ್ದಕ್ಕೂ ಕೆಳಗೆ ಇರುವ ಕೋಲು, ಪೆಟ್ಟಿಗೆಯ ಬಾಯಿಗೆ ಬಂದು ನಿಲ್ಲಬಾರದು. ಒಳಗೆ ಹಾದು ಆ ಕಡೆ ಹೊರಗೆ ಬರಬೇಕು. ತಂತಿಯ ಒಂದು ತುದಿ ದಂಡಿಯ ತಲೆಯಲ್ಲಿ, ತಿರುಗಿಸಿ ಬಿಗಿಯುವ ಬಿರಡೆಗೆ, ಇನ್ನೊಂದು ತುದಿ ದಂಡಿಯ ಬಾಲಕ್ಕೆ. ಎಳೆತ ಪೂರ್ತಿ ದಂಡಿಯಲ್ಲೇ ಉಳಿಯಿತು. ಪೆಟ್ಟಿಗೆಯ ಪಾಲಿಗೆ ಬರುವುದು ಕುದುರೆ ಕೆಳಕ್ಕೆ ಒತ್ತುವ ಒತ್ತಡ ಮಾತ್ರ. ಅದು ಬೇಕು, ಅದರಿಂದಲೇ ಮುಚ್ಚಳ ನಡುಗುತ್ತದೆ.

ದಂಡಿಗೆ 850ರಿಂದ 900 ಮಿಲಿಮೀಟರ್ ಉದ್ದ, 38 ಅಗಲ, 20 ದಪ್ಪದ ನೇರ ಮರ ಬೇಕು. ಹೊಸ ಮರ ಕಡಿಯುವುದು ಬೇಡ. ಹಳೆ ಮನೆಯ ರೀಪು, ಮುರಿದ ಮಂಚದ ಪಟ್ಟಿ, ಬಾಗಿಲ ಚೌಕಟ್ಟಿನ ತುಂಡು ಎಲ್ಲವೂ ಆಗುತ್ತದೆ. ತೇಗ, ಹಲಸು, ಹೊನ್ನೆ ಯಾವುದಾದರೂ ಸರಿ. ವೀಣೆಯೂ ಹಲಸಿನದೇ ತಾನೆ. ಹಳೆ ಮರದ ದೊಡ್ಡ ಗುಣ ಏನೆಂದರೆ ಅದು ಬಾಗುವುದನ್ನೆಲ್ಲ ಬಾಗಿ ಮುಗಿಸಿರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು ಒಣಗಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಕೊಯ್ಯುವ ಮುಂಚೆ ಮೊಳೆ ಉಳಿದಿದೆಯಾ ಅಂತ ಕೈಯಾಡಿಸಿ ನೋಡಿ. ಕುಟ್ಟೆ ಹುಳದ ಪುಡಿ ಉದುರುತ್ತಿದ್ದರೆ ಆ ಮರ ಬಿಡಿ.

ಇನ್ನು ಸೇರುವೆ. ಪೆಟ್ಟಿಗೆಯ ಎರಡು ಬದಿಗೂ ದಂಡಿಯ ಅಗಲಕ್ಕೆ ಸರಿಯಾಗಿ ಕಚ್ಚು ಹಾಕಿ. ಗರಗಸವನ್ನು ಗೆರೆಯ ಮೇಲಲ್ಲ, ಗೆರೆಯ ಒಳಗೆ ಓಡಿಸಿ. ಉಳಿದದ್ದನ್ನು ಅರದಿಂದ ತೀಡಿ ತೀಡಿ ಬಿಗಿ ಮಾಡಿಕೊಳ್ಳಿ. ದಂಡಿಯ ಮೇಲ್ಮೈ ಮುಚ್ಚಳದ ಮೇಲ್ಮೈಗೆ ಸಮ ಇರಲಿ. ಈಗ ಪೆಟ್ಟಿಗೆಯ ಒಳಗೆ ಹೋಗುವ ಭಾಗದಲ್ಲಿ ದಂಡಿಯ ಮೇಲಿನಿಂದ ಆರು ಮಿಲಿಮೀಟರ್ ಉಳಿಯಿಂದ ಕೆತ್ತಿ ತೆಗೆಯಿರಿ. ಮೂರು ಮಿಲಿಮೀಟರ್ ಮುಚ್ಚಳದ ದಪ್ಪಕ್ಕೆ. ಇನ್ನು ಮೂರು? ಅದು ಖಾಲಿ ಜಾಗ. ಮುಚ್ಚಳ ದಂಡಿಗೆ ತಾಗಬಾರದು. ಆ ಮೂರು ಮಿಲಿಮೀಟರ್ ಬಿಡದಿದ್ದರೆ ಎಂಥ ಒಳ್ಳೆ ಪೆಟ್ಟಿಗೆಯಾದರೂ ಮೂಕ. ಬಿಟ್ಟರೆ ಈ ಒಣಹಣ್ಣಿನ ಪೆಟ್ಟಿಗೆಯೂ ಬಾಯಿ ಬಿಡುತ್ತದೆ. ಮುಚ್ಚಳ ಅಂಟಿಸುವ ಮುಂಚೆ ಒಂದು ಕಾಗದದ ಪಟ್ಟಿಯನ್ನು ನಡುವೆ ತೂರಿಸಿ ಆಚೆ ಈಚೆ ಎಳೆದು ನೋಡಿ. ಸಿಕ್ಕಿಕೊಂಡ ಕಡೆ ಇನ್ನೂ ಕೆತ್ತಿ. ಮುಚ್ಚಳದಲ್ಲಿ ಕುದುರೆಯಿಂದ ದೂರ ಎರಡು ತೂತು, ಹತ್ತತ್ತಿರ ಒಂದು ಅಂಗುಲದ್ದು, ಕೊರೆದರೆ ಸಾಕು.

ಈಗ ನನಗೆ ತುಂಬಾ ಇಷ್ಟವಾದ ಭಾಗ, ಅಳತೆ. ತಂತಿ ನಡುಗುವುದು ಎರಡು ಕಡೆ ಮಾತ್ರ ನಿಂತು. ತಲೆಯ ಹತ್ತಿರ ಒಂದು ಬೋಲ್ಟು, ಪೆಟ್ಟಿಗೆಯ ಮೇಲೆ ಇನ್ನೊಂದು. ಮೊದಲನೆಯದಕ್ಕೆ ಮೇರು ಅನ್ನೋಣ, ಎರಡನೆಯದು ಕುದುರೆ. ಅವೆರಡರ ನಡುವೆ ಸರಿಯಾಗಿ 600 ಮಿಲಿಮೀಟರ್ ಇಡಿ. ಅಂಗಡಿಯ ಗಿಟಾರಿನಲ್ಲಿ ಇದು 630, 650 ಹೀಗೆಲ್ಲ ಇರುತ್ತದೆ. ನಾನು 600 ಅನ್ನುವುದಕ್ಕೆ ಕಾರಣ ಇದೆ.

ತಂತಿ ಹಾಗೇ ಮೀಟಿ. ಅದು ಸ. ಅರ್ಧಕ್ಕೆ, ಅಂದರೆ ಮೇರುವಿನಿಂದ 300ರಲ್ಲಿ ಒತ್ತಿ ಮೀಟಿ. ಮೇಲಿನ ಸ. ಉದ್ದ ಅರ್ಧವಾದರೆ ಕಂಪನ ದುಪ್ಪಟ್ಟು. ಇದನ್ನು ಫ್ರಾನ್ಸಿನ ಮೆರ್ಸೆನ್ ಅನ್ನುವ ಪಾದ್ರಿ 1636ರಲ್ಲೇ ಲೆಕ್ಕ ಹಾಕಿ ಬರೆದಿಟ್ಟ. ಮೂರರಲ್ಲಿ ಒಂದು ಭಾಗ ಬಿಟ್ಟು 200ರಲ್ಲಿ ಒತ್ತಿದರೆ ಪ. ನಾಲ್ಕರಲ್ಲಿ ಒಂದು ಭಾಗ, 150ರಲ್ಲಿ ಮ. ಐದರಲ್ಲಿ ಒಂದು, 120ರಲ್ಲಿ ಅಂತರ ಗಾಂಧಾರ. ಒಂಬತ್ತರಲ್ಲಿ ಒಂದು, 67ರ ಹತ್ತಿರ ಚತುಶ್ರುತಿ ರಿಷಭ. ಐದರಲ್ಲಿ ಎರಡು, 240ರಲ್ಲಿ ಧೈವತ. ಶಾಲೆಯಲ್ಲಿ ಭಿನ್ನರಾಶಿ ಯಾಕೆ ಕಲಿಯಬೇಕು ಅಂತ ಕೇಳುವ ಮಗುವಿನ ಕೈಗೆ ಈ ಸ್ಕೇಲು, ಈ ತಂತಿ ಕೊಡಿ. ಮೂರರಲ್ಲಿ ಒಂದು ಅಂದರೆ ಏನು ಅಂತ ಕಿವಿಯೇ ಹೇಳುತ್ತದೆ.

67, 120, 200, 240, 300. ಮ ಬಿಟ್ಟು ಈ ಐದು ಗೆರೆ ಪೆನ್ಸಿಲಿನಲ್ಲಿ ಎಳೆದರೆ ನಿಮ್ಮ ಕೈಯಲ್ಲಿ ಮೋಹನ ರಾಗದ ಸ್ವರಗಳು ಬಂದವು. ಎಷ್ಟೋ ಜನಪದ ಹಾಡುಗಳಿಗೆ ಇಷ್ಟೇ ಸ್ವರ ಸಾಕು. ತಂತಿಯನ್ನು ಬೆರಳಲ್ಲಿ ಒತ್ತಬೇಕಾಗಿಯೂ ಇಲ್ಲ. ಒಂದು ಸಣ್ಣ ಸ್ಟೀಲ್ ಪೈಪಿನ ತುಂಡನ್ನು ಬೆರಳಿಗೆ ಹಾಕಿಕೊಂಡು ತಂತಿಯ ಮೇಲೆ ಜಾರಿಸಿ, ಗೆರೆಯ ನೇರಕ್ಕೆ ಬಂದಾಗ ನಿಲ್ಲಿಸಿ. ಚಿತ್ರವೀಣೆ ನುಡಿಸುವವರೂ ಹೀಗೆ ಜಾರಿಸಿಯೇ ನುಡಿಸುವುದು. ಗಮಕ ತಾನಾಗಿ ಬರುತ್ತದೆ. ಜಾರಿಸಿ ನುಡಿಸುವುದಾದರೆ ತಂತಿ ದಂಡಿಯಿಂದ ಐದು ಮಿಲಿಮೀಟರ್ ಎತ್ತರದಲ್ಲಿರಲಿ.

ಮನೆಗಳೇ ಬೇಕು, ಅಂದರೆ ಸ್ವರದ ಜಾಗದಲ್ಲಿ ದಂಡಿಗೆ ಅಡ್ಡಲಾಗಿ ಉಬ್ಬಿದ ಪಟ್ಟಿಗಳು ಬೇಕು ಅನ್ನುವವರು ಗಾಳ ಹಾಕುವ ದಪ್ಪ ನೈಲಾನ್ ದಾರವನ್ನು ದಂಡಿಗೆ ಎರಡು ಸುತ್ತು ಬಿಗಿದು ಕಟ್ಟಿ. ಸಿತಾರಿನಲ್ಲೂ ಮನೆಗಳನ್ನು ದಾರದಲ್ಲೇ ಕಟ್ಟಿರುತ್ತಾರೆ. ಒಂಚೂರು ಅತ್ತಿತ್ತ ಸರಿಸಿ ಕಿವಿಗೆ ಸರಿ ಮಾಡಿಕೊಳ್ಳಬಹುದು. ವೀಣೆಯ 24 ಮನೆಗಳನ್ನು ಕೂರಿಸುವುದು ಜೇನುಮೇಣಕ್ಕೆ ಮಸಿ ಸೇರಿಸಿ ಮಾಡಿದ ಕರಿ ಮೇಣದ ಮೇಲೆ. ಭಾಗಮಂಡಲದ ಕಡೆ ಜೇನು ಸಾಕುವವರ ಮನೆಯಲ್ಲಿ ಮೇಣ ಸಿಗುತ್ತದೆ. ಕೈ ಪಳಗಿದ ಮೇಲೆ ಅದನ್ನೂ ಮಾಡಿ ನೋಡಬಹುದು. ಪಾಶ್ಚಾತ್ಯ ಗಿಟಾರಿನಂತೆ ಹನ್ನೆರಡು ಮನೆ ಸಮವಾಗಿ ಬೇಕಾದರೆ ಲೆಕ್ಕ ಬೇರೆ. ಉಳಿದ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸಿ, ಬಂದಷ್ಟು ದೂರಕ್ಕೆ ಮುಂದಿನ ಮನೆ ಇಡುತ್ತಾ ಹೋಗಬೇಕು. 600ಕ್ಕೆ ಮೊದಲ ಮನೆ 33.7ರಲ್ಲಿ ಬರುತ್ತದೆ, ಹನ್ನೆರಡನೆಯದು 300ರಲ್ಲಿ. ಅಲ್ಲಿ ಪ ಬೀಳುವುದು 199.5ರಲ್ಲಿ. ನಮ್ಮ 200ಕ್ಕೂ ಅದಕ್ಕೂ ಅರ್ಧ ಮಿಲಿಮೀಟರ್ ವ್ಯತ್ಯಾಸ. ನಾನಂತೂ ಮೊದಲ ವಾದ್ಯಕ್ಕೆ ಭಿನ್ನರಾಶಿಯ ಗೆರೆಗಳನ್ನೇ ಹೇಳುತ್ತೇನೆ.

ತಂತಿಗೆ ಗಿಟಾರಿನ ಸೆಟ್ಟಿನಿಂದ ಐದನೆಯದು, ನಾಲ್ಕನೆಯದು, ಮೂರನೆಯದು ತೆಗೆದುಕೊಳ್ಳಿ. ಐದನೆಯದನ್ನು ಸ್ವಲ್ಪ ಇಳಿಸಿ ಜಿ, ನಾಲ್ಕನೆಯದು ಡಿ, ಮೂರನೆಯದು ಮತ್ತೆ ಜಿ. ಸೆಕೆಂಡಿಗೆ 98, 147, 196 ಕಂಪನ. ಈ ಮೂರು ಸಂಖ್ಯೆ ನೋಡಿ. ಎರಡನೆಯದು ಮೊದಲನೆಯದರ ಒಂದೂವರೆ ಪಟ್ಟು, ಮೂರನೆಯದು ಎರಡು ಪಟ್ಟು. ಸ, ಪ, ಮೇಲಿನ ಸ. ತಂಬೂರಿಯಲ್ಲಿ ಕೇಳುವ ಸ್ವರಗಳೇ ಇವು. ಕೆಳಗಿನ ಎರಡು ತಂತಿ ಶ್ರುತಿ ಹಿಡಿದಿರಲಿ, ಮೇಲಿನದರಲ್ಲಿ ಹಾಡು ನುಡಿಸಿ. ಬಿರಡೆಗೆ ಗಿಟಾರಿನ ಹಳೆ ಕೀಲಿಗಳು ರಿಪೇರಿ ಮಾಡುವವರ ಹತ್ತಿರ ಸಿಗುತ್ತವೆ. ತಂತಿ ಬಿಗಿಯುವಾಗ ಮುಖ ಹತ್ತಿರ ತರಬೇಡಿ. ತಂತಿ ಕಿತ್ತರೆ ಕಣ್ಣಿಗೆ ಬಡಿಯುತ್ತದೆ.

ಕುದುರೆಗೆ ಬೋಲ್ಟು ಹೇಳಿದೆ. ಅದರ ಮರೆಯ ಗೆರೆಗಳಲ್ಲಿ ತಂತಿ ಜಾರದೆ ಕೂರುತ್ತದೆ, ಸದ್ದು ಚುರುಕಾಗಿ ಬರುತ್ತದೆ. ಆದರೆ ಇನ್ನೊಂದು ದಾರಿ ಇದೆ. ಇದು ಕಾಫಿ ಗಿಡದ ಬುಡದ ಮರ. ಊರುಗೋಲು ಮಾಡುತ್ತಾರಲ್ಲ, ಅದೇ. ಗಟ್ಟಿ, ನುಣುಪು. ಇದರಿಂದ ಒಂದು ಅಂಗುಲ ಅಗಲದ ಚಪ್ಪಟೆ ಕುದುರೆ ಮಾಡಿದ್ದೇನೆ. ಈಗ ತಂತಿಯ ಕೆಳಗೆ ಒಂದು ಹತ್ತಿ ದಾರ ತೂರಿಸಿ ಮೆಲ್ಲಗೆ ಸರಿಸುತ್ತೇನೆ, ಕೇಳುತ್ತಾ ಇರಿ. ಬರೀ ತಂತಿ. ಇನ್ನೂ ಬರೀ ತಂತಿ. ಈಗ! ಆ ಝೇಂಕಾರ ಬಂತಲ್ಲ, ಅದು ತಂಬೂರಿಯದ್ದು. ಆ ದಾರಕ್ಕೆ ಜೀವಾಳ ಅನ್ನುತ್ತಾರೆ. ಕೂದಲೆಳೆಯಷ್ಟು ಹಿಂದೆ ಮುಂದೆ ಆದರೂ ಅದು ಹೋಗಿಬಿಡುತ್ತದೆ. ಕಾಫಿ ಮರ ತರುವವರು ಕಾಂಡಕೊರಕ ಹೊಡೆದ ಗಿಡದ್ದು ತರಬೇಡಿ. ಅದನ್ನು ತೋಟದಲ್ಲೇ ಸುಡಬೇಕು, ಒಳಗಿನ ಹುಳ ಬೇರೆ ಗಿಡಕ್ಕೆ ಹೋಗುತ್ತದೆ.

ಇಷ್ಟು ಹೇಳಿದ ಮೇಲೆ ಸಭೆಯವರು ಕೇಳಿದ ಕೆಲವು ಪ್ರಶ್ನೆಗಳನ್ನೂ ಇಲ್ಲಿ ಬರೆದಿದ್ದೇನೆ.

ತೋಟದವರೊಬ್ಬರು ಕೇಳಿದರು: "ಸರ್, ನಮ್ಮ ಮಳೆಗೆ ಇದು ಉಳಿಯುತ್ತಾ?"

ಒಳ್ಳೆ ಪ್ರಶ್ನೆ. ಮಡಿಕೇರಿಯಲ್ಲಿ ವರ್ಷದ ಮಳೆ 3000 ಮಿಲಿಮೀಟರ್ ದಾಟುತ್ತದೆ. ಮರ ಉದ್ದಕ್ಕೆ ಹೆಚ್ಚೇನೂ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಹಾಗಾಗಿ ನಿಮ್ಮ 600ರ ಅಳತೆ ಕೆಡುವುದಿಲ್ಲ, ಮುಚ್ಚಳ ಉಬ್ಬುತ್ತದೆ. ಮುಚ್ಚಳ ಉಬ್ಬಿದರೆ ಕುದುರೆ ಏಳುತ್ತದೆ, ಶ್ರುತಿ ಏರುತ್ತದೆ. ಅದಕ್ಕೆ ಒಳಗೂ ಹೊರಗೂ ತೆಳುವಾಗಿ ವಾರ್ನಿಷ್ ಹೊಡೆಯಿರಿ. ಜನ ಒಳಗೆ ಹೊಡೆಯುವುದನ್ನು ಮರೆಯುತ್ತಾರೆ, ಥಂಡಿ ತೂತಿನಿಂದ ಒಳಗೇ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನುಡಿಸಿ ಆದ ಮೇಲೆ ಬಿರಡೆ ಎರಡು ಸುತ್ತು ಸಡಿಲಿಸಿ, ಅಡುಗೆಮನೆ ಪಕ್ಕದ ಬೆಚ್ಚನೆ ಗೋಡೆಗೆ ನೇತುಹಾಕಿ. ಒಲೆಯ ಮೇಲೆ ಬೇಡ, ಅಂಟು ಬಿಡುತ್ತದೆ. ಬಿಸ್ಕೆಟ್ ಡಬ್ಬದ್ದಾದರೆ ಈ ತಾಪತ್ರಯವೇ ಇಲ್ಲ. ತುಕ್ಕು ನೋಡಿಕೊಂಡರಾಯಿತು.

ಇನ್ನೊಬ್ಬ ಯುವಕ: "ದುಡಿ ಜೊತೆ ನುಡಿಸಬಹುದಾ?"

ನುಡಿಸಬಹುದು, ನನಗೂ ಆ ಆಸೆ ಇದೆ. ಆದರೆ ದುಡಿಯ ಪೆಟ್ಟಿನ ಮುಂದೆ ಪೆಟ್ಟಿಗೆಯ ಸದ್ದು ಕೇಳಿಸುವುದಿಲ್ಲ. ಡಬ್ಬದ ವಾದ್ಯ ತುಸು ಜೋರು, ಅದರಲ್ಲಿ ನುಡಿಸಿ ನೋಡಿ. ಇಲ್ಲವಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಪೀಜೋ ಬಿಲ್ಲೆ ಸಿಗುತ್ತದೆ, ಬಜರ್‌ನಲ್ಲಿ ಇರುವಂಥದ್ದು. ಅದನ್ನು ಮುಚ್ಚಳದ ಒಳಗೆ ಕುದುರೆಯ ಕೆಳಗೆ ಅಂಟಿಸಿ, ಎರಡು ತಂತು ಒಂದು ಜಾಕಿಗೆ ಬೆಸೆದು, ಆಂಪ್ಲಿಫೈಯರಿಗೆ ಕೊಡಿ. ದುಡಿಕೊಟ್ಟ್ ಪಾಟ್ ಹಾಡುವ ಹಿರಿಯರ ಜೊತೆ ಕೂರುವುದಾದರೆ ಮೊದಲು ಅವರು ಹಿಡಿಯುವ ಸ್ವರ ಕೇಳಿಸಿಕೊಳ್ಳಿ. ನಿಮ್ಮ ಸ ಅವರದ್ದಕ್ಕೆ ಸೇರಬೇಕು. ಅವರನ್ನು ನಿಮ್ಮ ಶ್ರುತಿಗೆ ಎಳೆಯಬೇಡಿ.

ಒಬ್ಬ ತಾಯಿ ಕೇಳಿದ್ದು: "ನನ್ನ ಮಗಳಿಗೆ ಏಳು ವರ್ಷ. ಅವಳ ಕೈಲಿ ಇಷ್ಟೆಲ್ಲ ಆಗುತ್ತಾ?"

ಅಕ್ಕ, ಅವಳಿಗೆ ಒಂದೇ ತಂತಿ ಸಾಕು. ಗರಗಸ, ಉಳಿಯ ಕೆಲಸ ನೀವು ಮಾಡಿ. ಮರಳು ಕಾಗದ ಉಜ್ಜುವುದು, ಪೆನ್ಸಿಲ್ ಗೆರೆ ಎಳೆಯುವುದು ಅವಳದ್ದು. ತಂತಿಯನ್ನೂ ತೆಳುವಾದದ್ದು ಹಾಕಿ, ಸಡಿಲ ಶ್ರುತಿಗೆ ಇಡಿ, ಬೆರಳು ನೋಯಬಾರದು. ಗೆರೆಗಳನ್ನು ಎಳೆಯುವಾಗ ಮಾತ್ರ ಆತುರ ಮಾಡಲು ಬಿಡಬೇಡಿ. 300 ಅಂದರೆ 300. ಅವಳೇ ಅಳೆಯಲಿ, ಆಮೇಲೆ ನೀವು ಒಮ್ಮೆ ಅಳೆಯಿರಿ.

ಪೆಟ್ಟಿಗೆ ತಂದವರು ಈಗ ಮೇಜಿನ ಹತ್ತಿರ ಬನ್ನಿ. ದಂಡಿಯ ಕಚ್ಚು ಎಲ್ಲಿ ಬರಬೇಕು ಅಂತ ಗುರುತು ಹಾಕಿ ಕೊಡುತ್ತೇನೆ. ಗರಗಸ ಎರಡೇ ಇವೆ, ಸರದಿಯಲ್ಲಿ ಬನ್ನಿ. ಚಿಕ್ಕವರು ಮೊದಲು.